ದನಿ ಏರಿಸದ ಬೆದರಿಕೆ: ‘ದಿ ಇನ್‌ಫೇಮಸ್’ ಆಲ್ಬಂ ಕೇಳುವುದು ಹೇಗೆ?

ರ‍್ಯಾಪ್ ಎಂದರೆ ಚಿನ್ನದ ಸರ, ದುಬಾರಿ ಕಾರು, ಕಿರುಚಾಟ ಎಂದು ತೀರ್ಮಾನಿಸಿಬಿಟ್ಟವರಿಗೆ ಕೇಳಿಸಬೇಕಾದ ಆಲ್ಬಂ ಒಂದಿದೆ. ನ್ಯೂಯಾರ್ಕ್‌ನ ‘ಮಾಬ್ ಡೀಪ್’ ಜೋಡಿಯ ಎರಡನೆಯ ಆಲ್ಬಂ ‘ದಿ ಇನ್‌ಫೇಮಸ್’. 1995ರ ಏಪ್ರಿಲ್ 25ರಂದು ಲೌಡ್ ರೆಕಾರ್ಡ್ಸ್ ಸಂಸ್ಥೆ ಅದನ್ನು ಹೊರತಂದಾಗ ಜೋಡಿಯ ಹ್ಯಾವಕ್ ಮತ್ತು ಪ್ರಾಡಿಜಿ ಇಬ್ಬರಿಗೂ ಇಪ್ಪತ್ತು ವರ್ಷ. ಇದರಲ್ಲಿ ಯಾರೂ ಕಿರುಚುವುದಿಲ್ಲ. ಮೆರೆದಾಟಕ್ಕೂ ಹೆಚ್ಚು ಜಾಗವಿಲ್ಲ. ಇರುವುದು ಭಯ. ಕತ್ತಲ ಓಣಿಯಲ್ಲಿ ಹಿಂದೆ ಹೆಜ್ಜೆ ಸದ್ದು ಕೇಳಿಸಿದವನು ತಿರುಗಿ ನೋಡದೆ ನಡೆಯುತ್ತಾನಲ್ಲ, ಆ ಬಗೆಯದು.

ಆದರೆ ಸುಮ್ಮನೆ ‘ಕೇಳಿ ನೋಡಿ’ ಎಂದು ಕೊಟ್ಟರೆ ಇದು ಯಾರಿಗೂ ಹಿಡಿಸುವುದಿಲ್ಲ. ನಾನೇ ಮೊದಲ ಸಲ ಮೂರನೆಯ ಹಾಡು ಮುಗಿಯುವ ಮುನ್ನ ನಿಲ್ಲಿಸಿದ್ದೆ. ಎಲ್ಲ ಹಾಡುಗಳೂ ಒಂದೇ ಬಣ್ಣದವು, ಮಾತು ಒಂದೂ ತಿಳಿಯುತ್ತಿರಲಿಲ್ಲ. ಕಾಲು ಕುಣಿಯುವಂಥದ್ದೂ ಏನಿಲ್ಲ. ಇದಕ್ಕೆ ಒಂದು ಕ್ರಮ ಬೇಕು. ನನಗೆ ದಕ್ಕಿದ ಕ್ರಮ ಇದು.

ಹಂತ 1: ಹದಿನೈದನೆಯ ಹಾಡಿನಿಂದ ಆರಂಭಿಸಿ

ಆಲ್ಬಂನಲ್ಲಿ 16 ತುಣುಕುಗಳಿವೆ. ಮೊದಲಿನಿಂದ ಹೊರಡಬೇಡಿ. ನೇರವಾಗಿ ಹದಿನೈದನೆಯದಕ್ಕೆ ಹೋಗಿ: ‘ಶುಕ್ ಒನ್ಸ್, ಪಾರ್ಟ್ 2’. ಮೊಬೈಲಿನ ಸ್ಪೀಕರ್ ಸಾಲದು. ಈ ಆಲ್ಬಂನ ಅರ್ಧ ಜೀವ ತಗ್ಗಿನ ಸ್ವರಗಳಲ್ಲಿದೆ, ಆ ಸ್ವರಗಳು ಸಣ್ಣ ಸ್ಪೀಕರಿನಲ್ಲಿ ಹೊರಡುವುದೇ ಇಲ್ಲ. ಹೆಡ್‌ಫೋನ್ ಹಾಕಿಕೊಳ್ಳಿ.

ಈಗ ಹಾಡನ್ನು ಮೂರು ಸಲ ಕೇಳಬೇಕು, ಮಾತಿನ ಗೊಡವೆಗೆ ಹೋಗದೆ.

ಮೊದಲ ಸಲ ಡ್ರಮ್ ಮಾತ್ರ. ನಿಮಿಷಕ್ಕೆ ಸುಮಾರು 94 ಪೆಟ್ಟು, ಊಟ ಮುಗಿಸಿ ಅಡ್ಡಾಡಲು ಹೊರಟವರ ನಡಿಗೆ. ನಾಲ್ಕು ಪೆಟ್ಟಿನ ಆವರ್ತದಲ್ಲಿ ಎರಡನೆಯದಕ್ಕೂ ನಾಲ್ಕನೆಯದಕ್ಕೂ ಚಟೀರೆನ್ನುವ ಸ್ನೇರ್ ಡ್ರಮ್ಮಿನ ಪೆಟ್ಟು ಬೀಳುತ್ತದೆ. ಸಂಗೀತ ಪಾಠದಲ್ಲಿ ಮೊದಲ ಪೆಟ್ಟಿಗೆ ಒತ್ತು ಕೊಟ್ಟು ತಾಳ ಹಾಕಲು ಕಲಿತ ಕೈ ಇಲ್ಲಿ ಸ್ವಲ್ಪ ತಡವರಿಸುತ್ತದೆ. ತಡವರಿಸಲಿ, ಎರಡು ನಿಮಿಷದಲ್ಲಿ ಹಾದಿಗೆ ಬರುತ್ತದೆ.

ಎರಡನೆಯ ಸಲ ಪಿಯಾನೊ ಹಿಡಿದು ಹೋಗಿ. ಕೆಲವೇ ಸ್ವರಗಳು, ಮತ್ತೆ ಮತ್ತೆ ಅದೇ ಸುತ್ತು. ಎಲ್ಲಿಗೂ ತಲುಪುವುದಿಲ್ಲ. ರಾಗ ಮುಂದೆ ಬೆಳೆಯಬಹುದೆಂದು ಕಿವಿ ಕಾಯುತ್ತದೆ, ಅದು ಹೊರಟಲ್ಲಿಗೇ ಮರಳುತ್ತದೆ. ನಾಲ್ಕು ನಿಮಿಷ ಕಳೆದರೂ ಒಂದೇ ಕೋಣೆಯಲ್ಲಿ ಇದ್ದೀರಿ ಎಂದು ಆಮೇಲೆ ಗೊತ್ತಾಗುತ್ತದೆ.

ಮೂರನೆಯ ಸಲ ಪಲ್ಲವಿಗಾಗಿ ಕಾಯಿರಿ. ಅಲ್ಲಿ ಹಿಂದಿನಿಂದ ಸೈರನ್ನಿನಂಥ ಒಂದು ಕೂಗು ಏಳುತ್ತದೆ. ಮೈ ಜುಮ್ಮೆಂದರೆ ಮುಂದಿನ ಹಂತಕ್ಕೆ ನೀವು ಸಿದ್ಧ. ಏನೂ ಆಗದಿದ್ದರೆ ಈ ಆಲ್ಬಂ ನಿಮ್ಮದಲ್ಲ, ಬೇರೆ ಏನಾದರೂ ಕೇಳಿ, ಬೇಸರವಿಲ್ಲ.

ಹಂತ 2: ಸದ್ದಿನ ಬೇರು ಹುಡುಕಿ

ಹಳೆಯ ಸೀರೆ, ಪಂಚೆಗಳ ತುಂಡು ಕೂಡಿಸಿ ಕೌದಿ ಹೊಲಿಯುವುದನ್ನು ಕಂಡವರಿಗೆ ಸ್ಯಾಂಪ್ಲಿಂಗ್ ಏನೆಂದು ಹೆಚ್ಚು ವಿವರಿಸಬೇಕಾಗಿಲ್ಲ. ಹಳೆಯ ರೆಕಾರ್ಡಿನಿಂದ ಒಂದೆರಡು ಕ್ಷಣದ ಸದ್ದನ್ನು ಯಂತ್ರಕ್ಕೆ ಇಳಿಸಿಕೊಳ್ಳುತ್ತಾರೆ. ವೇಗ ಮತ್ತು ಶ್ರುತಿ ಬದಲಿಸಿ, ತುಂಡರಿಸಿ, ಬೇರೆ ಸಾಲಿನಲ್ಲಿ ಜೋಡಿಸಿ ಸುತ್ತು ಹಾಕುತ್ತಾರೆ. ಮಾತಿನ ಹಿಂದೆ ಸುತ್ತುವ ಈ ಸಂಗೀತಕ್ಕೆ ‘ಬೀಟ್’ ಎನ್ನುತ್ತಾರೆ. ಆಲ್ಬಂನ ಹೆಚ್ಚಿನ ಬೀಟ್‌ಗಳು ಹ್ಯಾವಕ್‌ನ ಕೈಯಲ್ಲಿ ಹೀಗೆ ಹುಟ್ಟಿದವು.

‘ಶುಕ್ ಒನ್ಸ್’ನ ಆ ಪಿಯಾನೊ ಎಲ್ಲಿಯದು ಎಂದು ಹಿಪ್‌ಹಾಪ್ ಪ್ರಿಯರು ವರ್ಷಗಟ್ಟಲೆ ತಲೆ ಕೆಡಿಸಿಕೊಂಡಿದ್ದರು. ಪಲ್ಲವಿಯ ಕೂಗು ಕ್ವಿನ್ಸಿ ಜೋನ್ಸ್ ಅವರ ಒಂದು ಸಿನಿಮಾ ಸಂಗೀತದ್ದು, ಡ್ರಮ್ ಆಸ್ಟ್ರೇಲಿಯಾದ ಡಾಲಿ-ವಿಲ್ಸನ್ ಬಿಗ್ ಬ್ಯಾಂಡ್‌ನದು. ಪಿಯಾನೊದ ಗುಟ್ಟು ಮಾತ್ರ ಆಲ್ಬಂ ಬಂದು 16 ವರ್ಷವಾದ ಮೇಲೆ, 2011ರಲ್ಲಿ ಬಯಲಾಯಿತು. ಕಂಡುಹಿಡಿದವನು ಒಬ್ಬ ಸಾಮಾನ್ಯ ಕೇಳುಗ. ಮೂಲ: ಜಾಝ್ ಪಿಯಾನೊ ವಾದಕ ಹರ್ಬಿ ಹ್ಯಾನ್‌ಕಾಕ್ ಅವರ ‘ಜೆಸಿಕಾ’, 1969ರ ‘ಫ್ಯಾಟ್ ಆಲ್ಬರ್ಟ್ ರೊಟಂಡ’ ಆಲ್ಬಂನದು. ಆ ಆಲ್ಬಂನ ಸಂಗೀತ ಹುಟ್ಟಿದ್ದು ಮಕ್ಕಳ ಕಾರ್ಟೂನ್ ಟಿ.ವಿ. ಕಾರ್ಯಕ್ರಮವೊಂದರ ನೆಪದಲ್ಲಿ! ಅಂಥ ಕಡೆಯಿಂದ ಎತ್ತಿದ ಸ್ವರಗಳಿಂದ ನ್ಯೂಯಾರ್ಕ್‌ನ ಅತ್ಯಂತ ಕರಾಳ ಹಾಡೊಂದು ಎದ್ದು ನಿಂತಿತು.

‘ಜೆಸಿಕಾ’ವನ್ನು ಈಗಲೇ ಕೇಳಬೇಡಿ. ಕೊನೆಗೆ ಇಟ್ಟುಕೊಳ್ಳಿ.

ಹಂತ 3: ನಕಾಶೆ ತೆರೆಯಿರಿ

ನ್ಯೂಯಾರ್ಕ್‌ನ ಈಸ್ಟ್ ನದಿಯ ದಡದಲ್ಲಿ, ಕ್ವೀನ್ಸ್‌ಬರೊ ಸೇತುವೆಯ ಪಕ್ಕದಲ್ಲಿ ಕ್ವೀನ್ಸ್‌ಬ್ರಿಜ್ ಎಂಬ ವಸತಿ ಸಮುಚ್ಚಯವಿದೆ. ಕಡಿಮೆ ಆದಾಯದವರಿಗೆಂದು ಸರ್ಕಾರ ಕಟ್ಟಿಸಿದ್ದು, 1939ರಲ್ಲಿ ತೆರೆದದ್ದು. ಆರು ಅಂತಸ್ತಿನ 96 ಕಟ್ಟಡ, ಮೂರು ಸಾವಿರಕ್ಕೂ ಹೆಚ್ಚು ಮನೆ. ಉತ್ತರ ಅಮೆರಿಕದಲ್ಲೇ ಈ ಬಗೆಯ ಅತಿ ದೊಡ್ಡ ಸಮುಚ್ಚಯ. ಖರ್ಚು ಉಳಿಸಲು ಲಿಫ್ಟ್ ಒಂದು, ಮೂರು ಮತ್ತು ಐದನೆಯ ಮಹಡಿಯಲ್ಲಿ ಮಾತ್ರ ನಿಲ್ಲುವಂತೆ ಮಾಡಿದ್ದರಂತೆ. ಉಳಿದವರು ಮೆಟ್ಟಿಲು ಹತ್ತಬೇಕು ಅಥವಾ ಇಳಿಯಬೇಕು. ಈ ಒಂದು ವಿವರ ತಲೆಯಲ್ಲಿಟ್ಟುಕೊಂಡು ಹಾಡು ಕೇಳಿ, ಅದರಲ್ಲಿ ಬರುವ ಕತ್ತಲ ಮೆಟ್ಟಿಲುಗಳು ಕಣ್ಣಿಗೆ ಕಟ್ಟುತ್ತವೆ. ನದಿಯಾಚೆ ಮ್ಯಾನ್‌ಹಟನ್ ಝಗಮಗಿಸುತ್ತಿರುತ್ತದೆ.

ರ‍್ಯಾಪ್ ಮಟ್ಟಿಗೆ ಇದು ಬರಡು ನೆಲವಲ್ಲ. 80ರ ದಶಕದಲ್ಲಿ ಮಾರ್ಲಿ ಮಾರ್ಲ್, ಎಂ.ಸಿ. ಶಾನ್ ಇಲ್ಲಿಂದಲೇ ಬಂದರು. ಇನ್‌ಫೇಮಸ್‌ಗೆ ಒಂದು ವರ್ಷ ಮೊದಲು ‘ಇಲ್‌ಮ್ಯಾಟಿಕ್’ ಆಲ್ಬಂ ತಂದ ನಾಸ್ ಕೂಡ ಇಲ್ಲಿಯವನೇ.

ಹ್ಯಾವಕ್ ಬೆಳೆದದ್ದು ಇಲ್ಲಿ. ಪ್ರಾಡಿಜಿ ಇಲ್ಲಿಯವನಲ್ಲ ಎಂಬುದನ್ನು ಗಮನಿಸಿ. ಅವನು ಲಾಂಗ್ ಐಲೆಂಡಿನ ಹೆಂಪ್‌ಸ್ಟೆಡ್‌ನವನು. ಅಜ್ಜ ಬಡ್ ಜಾನ್ಸನ್ ಹೆಸರಾಂತ ಜಾಝ್ ಸ್ಯಾಕ್ಸೊಫೋನ್ ವಾದಕ. ತಾಯಿ ಕೆಲಕಾಲ ‘ದಿ ಕ್ರಿಸ್ಟಲ್ಸ್’ ಗಾಯಕಿಯರ ತಂಡದಲ್ಲಿ ಇದ್ದವರು. ಹುಡುಗರಿಬ್ಬರೂ ಭೇಟಿಯಾದದ್ದು ಮ್ಯಾನ್‌ಹಟನ್ನಿನ ಕಲಾ ಮತ್ತು ವಿನ್ಯಾಸ ಪ್ರೌಢಶಾಲೆಯಲ್ಲಿ. ಪ್ರಾಡಿಜಿಯ ಸಾಲುಗಳಲ್ಲಿ ಬೀದಿಯ ಪ್ರತಿ ಮೂಲೆಯೂ ಎದ್ದು ಕಾಣುವುದು ಅವನು ಹೊರಗಿನಿಂದ ಬಂದವನಾದ್ದರಿಂದಲೇ ಎಂದು ನನ್ನ ಗುಮಾನಿ. ಹುಟ್ಟಿದ ಊರಿನ ಮೂಲೆಗಳನ್ನು ನಾವು ಅಷ್ಟಾಗಿ ನೋಡುವುದಿಲ್ಲ.

ಹಂತ 4: ಮೊದಲ ಆಲ್ಬಂ ಬಿಟ್ಟುಬಿಡಿ

‘ಜುವೆನೈಲ್ ಹೆಲ್’, 1993. ಮಾರಾಟವಾಗಲಿಲ್ಲ, ಕಂಪನಿ ಇವರನ್ನು ಕೈಬಿಟ್ಟಿತು. ಅಲ್ಲಿ ಹುಡುಗರು ದನಿ ಏರಿಸಿ ಗದ್ದಲ ಮಾಡುತ್ತಾರೆ ಎಂದಷ್ಟೇ ತಿಳಿದಿದ್ದರೆ ಸಾಕು. ಎರಡು ವರ್ಷದಲ್ಲಿ ಅದೇ ಇಬ್ಬರು ದನಿ ಇಳಿಸಿದರು.

ಹಂತ 5: ಈಗ ಮಾತಿಗೆ ಬನ್ನಿ

ಸಾಹಿತ್ಯವನ್ನು ಮುಂದಿಟ್ಟುಕೊಂಡು ಕೇಳಿ. ಇಂಗ್ಲಿಷ್ ಚೆನ್ನಾಗಿ ಬಲ್ಲವರಿಗೂ ಇದು ಬೇಕು, ಏಕೆಂದರೆ ಇಲ್ಲಿರುವುದು ಒಂದು ಕೇರಿಯ ಭಾಷೆ. ‘ಶುಕ್’ ಎಂದರೆ ನಡುಗಿದವನು, ಒಳಗೊಳಗೇ ಪುಕ್ಕಲ. ‘ಡನ್’ ಎಂದರೆ ಗೆಳೆಯ. ಗೆಳೆಯನನ್ನು ‘ಸನ್’ (ಮಗ) ಎಂದು ಕರೆಯುವುದು ಈ ಕಡೆ ನಾಲಿಗೆ ಹೊರಳಿ ಹೀಗಾಯಿತು. ‘ಉತ್ತರಕ್ಕೆ ಪ್ರಯಾಣ’ ಎಂದರೆ ವಿಹಾರವಲ್ಲ, ನ್ಯೂಯಾರ್ಕ್ ರಾಜ್ಯದ ಉತ್ತರ ಭಾಗದಲ್ಲಿರುವ ಸೆರೆಮನೆಗಳಿಗೆ ಹೋಗುವುದು. ‘41ನೆಯ ಕಡೆ’ ಎಂದರೆ ಸಮುಚ್ಚಯದಲ್ಲಿ ಇವರ ಪಾಲಿನ ಬದಿ.

ಪ್ರಾಸದ ವಿಷಯದಲ್ಲಿ ಕನ್ನಡ ಕಿವಿಗೆ ಒಂದು ಕಿವಿಮಾತು. ನಮ್ಮ ಹಳೆಯ ಕಾವ್ಯದ ಪ್ರಾಸ ಸಾಲಿನ ಎರಡನೆಯ ಅಕ್ಷರದಲ್ಲಿ ಕೂರುತ್ತದೆ. ಇಲ್ಲಿ ಅದು ಸಾಲಿನ ಕೊನೆಯಲ್ಲಿ ಬೀಳುವುದು ವಾಡಿಕೆ. ಪ್ರಾಡಿಜಿ ಅಲ್ಲಿಗೆ ನಿಲ್ಲದೆ ಸಾಲಿನ ನಡುವೆಯೂ ಸದ್ದುಗಳನ್ನು ಗಂಟು ಹಾಕುತ್ತಾನೆ. ಅರ್ಥ ಬಿಟ್ಟು ಬರೀ ಸ್ವರಾಕ್ಷರಗಳ ಹೊಂದಿಕೆಯನ್ನು ಬೆರಳಲ್ಲಿ ಎಣಿಸಿಕೊಂಡು ಹೋಗಿ, ಒಂದು ಚರಣದಲ್ಲೇ ಕೈ ಸೋಲುತ್ತದೆ.

ಇನ್ನು ಅರ್ಥ. ‘ಶುಕ್ ಒನ್ಸ್’ ಮೇಲ್ನೋಟಕ್ಕೆ ಪುಕ್ಕಲರನ್ನು ಹಂಗಿಸುವ ಹಾಡು: ಗಟ್ಟಿಗನಂತೆ ನಟಿಸಬೇಡ, ಹೆದರಿದವನು ಗೊತ್ತಾಗುತ್ತಾನೆ ಎನ್ನುತ್ತದೆ. ಆದರೆ ಹಂಗಿಸುವವನ ಕಣ್ಣು ಸದಾ ಬಾಗಿಲ ಕಡೆಗೇ. ನಡುವೆ ಪ್ರಾಡಿಜಿ ತನಗೆ ಹತ್ತೊಂಬತ್ತೇ ವರ್ಷ, ಮನಸ್ಸು ಮಾತ್ರ ಮುದಿಯಾಗಿದೆ ಎಂದುಬಿಡುತ್ತಾನೆ. ಆ ಮಾತು ಬಡಾಯಿಯ ಹಾಡಿನಲ್ಲಿ ಬರಬೇಕಾದದ್ದೇ ಅಲ್ಲ. 2002ರ ‘8 ಮೈಲ್’ ಸಿನಿಮಾದ ಕೊನೆಯ ರ‍್ಯಾಪ್ ಪಂದ್ಯಕ್ಕೆ ಇದೇ ಬೀಟ್ ಆರಿಸಿದವರಿಗೆ ಈ ಗುಟ್ಟು ತಿಳಿದಿತ್ತು ಎನಿಸುತ್ತದೆ. ಅಲ್ಲಿ ಎಮಿನೆಮ್‌ನ ಪಾತ್ರ ಎದುರಾಳಿ ಆಡಬಹುದಾದ ತನ್ನ ಕುಂದುಗಳನ್ನೆಲ್ಲ ತಾನೇ ಮೊದಲು ಹೇಳಿ ಅವನ ಬಾಯಿ ಕಟ್ಟುತ್ತದೆ.

ಹಂತ 6: ಉಸಿರಾಡಲು ಕಿಟಕಿ

ಇಷ್ಟಾದ ಮೇಲೆ ‘ಗಿವ್ ಅಪ್ ದ ಗುಡ್ಸ್’, ‘ಟೆಂಪರೇಚರ್ಸ್ ರೈಸಿಂಗ್’, ‘ಡ್ರಿಂಕ್ ಅವೇ ದ ಪೇನ್’ ಕೇಳಿ. ಮೂರಕ್ಕೂ ‘ಎ ಟ್ರೈಬ್ ಕಾಲ್ಡ್ ಕ್ವೆಸ್ಟ್’ ರ‍್ಯಾಪ್ ತಂಡದ ಕ್ಯೂ-ಟಿಪ್ ಕೈ ಇದೆ. ಅನುಭವಿ. ಹುಡುಗರ ಕತ್ತಲನ್ನು ಕೆಡಿಸದೆ ಒಂದು ಕಿಟಕಿ ಮಾತ್ರ ತೆರೆದಿದ್ದಾನೆ. ನನಗೆ ಅತ್ಯಂತ ಇಷ್ಟವಾದದ್ದು ‘ಟೆಂಪರೇಚರ್ಸ್ ರೈಸಿಂಗ್’. ಪೊಲೀಸರಿಂದ ತಲೆಮರೆಸಿಕೊಂಡಿದ್ದ ಹ್ಯಾವಕ್‌ನ ಸೋದರನಿಗೆ ಬರೆದ ಪತ್ರದಂತಿದೆ ಅದು. ಕೇರಿಯಲ್ಲಿ ಯಾರು ಏನು ಮಾತಾಡಿಕೊಳ್ಳುತ್ತಿದ್ದಾರೆ, ಯಾರನ್ನು ನಂಬಬಾರದು ಎಂಬ ಸುದ್ದಿ. ಹೆಣ್ಣುದನಿಯ ಪಲ್ಲವಿ ಎಷ್ಟು ಮೃದುವೋ ಚರಣಗಳ ಆತಂಕ ಅಷ್ಟೇ ಗಾಢ. ‘ಡ್ರಿಂಕ್ ಅವೇ ದ ಪೇನ್’ನಲ್ಲಿ ಮದ್ಯವನ್ನೇ ಪ್ರೇಯಸಿಯೆಂಬಂತೆ ಮಾತಾಡಿಸುತ್ತಾರೆ. ಕ್ಯೂ-ಟಿಪ್ ತನ್ನ ಸರದಿಯಲ್ಲಿ ಬಟ್ಟೆ ಕಂಪನಿಗಳ ಹೆಸರುಗಳನ್ನೇ ಪಾತ್ರ ಮಾಡಿ ಒಂದು ದರೋಡೆಯ ಕಥೆ ಕಟ್ಟುತ್ತಾನೆ.

ಅತಿಥಿ ರ‍್ಯಾಪರ್‌ಗಳಾಗಿ ನಾಸ್, ರೇಕ್ವಾನ್, ಗೋಸ್ಟ್‌ಫೇಸ್ ಕಿಲ್ಲಾ ಬರುತ್ತಾರೆ. ಅವರಿಗಾಗಿ ಬೇರೆ ಹಂತ ಬೇಕಿಲ್ಲ.

ಹಂತ 7: ಒಂದೇ ಪಟ್ಟಿಗೆ

ಈಗ ಮೊದಲಿನಿಂದ ಕೊನೆಯವರೆಗೆ, ಒಂದು ಗಂಟೆಗೂ ಮೀರಿದ ಆಲ್ಬಂ ಅನ್ನು ಒಂದೇ ಪಟ್ಟಿಗೆ ಕೇಳಿ. ರಾತ್ರಿ ಒಳ್ಳೆಯದು. ಎರಡನೆಯ ತುಣುಕು ‘ಇನ್‌ಫೇಮಸ್ ಪ್ರಿಲ್ಯೂಡ್’ ಬರೀ ಮಾತು. ಪ್ರಾಡಿಜಿ ಬೇರೆ ರ‍್ಯಾಪರ್‌ಗಳಿಗೆ ಕೊಡುವ ಎಚ್ಚರಿಕೆ. ಅದರಿಂದ ಜಗಳವೂ ಹುಟ್ಟಿತು. ಆಲ್ಬಂನಲ್ಲಿ ಭಯ ಮರೆತು ಬರೀ ಬಡಾಯಿ ಉಳಿಯುವ ಜಾಗ ಅದು, ನಾನು ಹಾರಿಸುತ್ತೇನೆ. ಹೆಣ್ಣುಮಕ್ಕಳ ಬಗ್ಗೆ ಬರುವ ಹಲವು ಮಾತುಗಳೂ ಹೇಸಿಗೆಯವು. ಇಪ್ಪತ್ತರ ಹುಡುಗರು ಎಂದು ಮನ್ನಿಸಬೇಕಾಗಿಲ್ಲ. ಮನೆಯಲ್ಲಿ ಮಕ್ಕಳ ಮುಂದೆ ಹಾಕಬೇಡಿ, ಅಷ್ಟೆ.

ಈ ಸುತ್ತಿನಲ್ಲಿ ಪ್ರಾಡಿಜಿಯ ದನಿಯನ್ನೇ ಬೆನ್ನು ಹತ್ತಿ. ಏರಿಳಿತವಿಲ್ಲದ, ದಣಿದ, ತಣ್ಣನೆಯ ದನಿ. ಅವನಿಗೆ ಹುಟ್ಟಿನಿಂದ ಸಿಕಲ್ ಸೆಲ್ ಕಾಯಿಲೆ. ರಕ್ತಕಣಗಳು ಕುಡುಗೋಲಿನ ಆಕಾರಕ್ಕೆ ಬಾಗಿ ನಾಳಗಳಲ್ಲಿ ಸಿಕ್ಕಿಕೊಂಡು ಜೀವ ಹಿಂಡುವ ನೋವು ಕೊಡುವ ರೋಗ. ಬಾಲ್ಯದಿಂದ ಆಸ್ಪತ್ರೆ ಅವನಿಗೆ ಎರಡನೆಯ ಮನೆ. ಸಾವು ಪಕ್ಕದಲ್ಲೇ ಇದೆ ಎಂದು ಅವನು ಹಾಡುವಾಗ ಅದಕ್ಕೆ ಬಂದೂಕೊಂದೇ ಕಾರಣವಾಗಿರಲಿಲ್ಲ. 2017ರ ಜೂನ್ 20ರಂದು ಲಾಸ್ ವೇಗಸ್‌ನಲ್ಲಿ ಅವನು ತೀರಿಕೊಂಡ. ಅದೇ ರೋಗ ಉಲ್ಬಣಿಸಿ ಆಸ್ಪತ್ರೆ ಸೇರಿದ್ದ. ವಯಸ್ಸು 42.

ಹಂತ 8: ‘ಜೆಸಿಕಾ’

ಒಂದು ದಿನ ಬಿಟ್ಟು, ಎತ್ತಿಟ್ಟಿದ್ದ ಹರ್ಬಿ ಹ್ಯಾನ್‌ಕಾಕ್ ತುಣುಕನ್ನು ಹಾಕಿ. ನಿಧಾನಗತಿಯ, ಮಮತೆಯ ಸಂಗೀತ. ಗಾಳಿವಾದ್ಯಗಳ ನಡುವೆ ಮೆಲ್ಲನೆ ಓಡಾಡುವ ಪಿಯಾನೊ. ಹ್ಯಾವಕ್ ಕತ್ತರಿಸಿಕೊಂಡ ಜಾಗ ಬಂದು ಹೋದದ್ದೇ ಮೊದಲ ಸಲ ಗೊತ್ತಾಗುವುದಿಲ್ಲ, ಅಷ್ಟು ಚಿಕ್ಕದು. ಮತ್ತೆ ಹಿಂದಕ್ಕೆ ಸರಿಸಿ ಹಾಕಿ. ಈ ಸಲ ಸಿಗುತ್ತದೆ. ಸಿಕ್ಕ ಮೇಲೆ ಉಳಿದ ಮಮತೆಯೆಲ್ಲ ಹಿಂದೆ ಸರಿದು ಆ ಕೆಲವು ಸ್ವರಗಳು ಮಾತ್ರ ಕಿವಿಯಲ್ಲಿ ನಿಲ್ಲುತ್ತವೆ, ಅವುಗಳ ಹಿಂದೆ ಇನ್ನೂ ಬಾರದ ಒಂದು ಸ್ನೇರ್ ಪೆಟ್ಟಿಗಾಗಿ ನಿಮ್ಮ ಕೈ ಕಾಯುತ್ತಿರುತ್ತದೆ.