ಹೆಣೆದ ಚರ್ಮದ ಆರಾಮ್ ಕುರ್ಚಿ: ಮೈಸೂರಲ್ಲೇ ಮಾಡಿಸೋದು ಹೇಗೆ?

ತೇಗದ ಫ್ರೇಮು, ಸೀಟಿಗೂ ಬೆನ್ನಿಗೂ ಅಗಲ ಚರ್ಮದ ಪಟ್ಟಿ ಹೆಣೆದಿರೋ ಡಿಸೈನರ್ ಕುರ್ಚಿನ ಶೋರೂಮಲ್ಲಿ ನೋಡಿರ್ತೀರ, ರೇಟ್ ಕೇಳಿದ್ರೆ ಸುಮ್ನೆ ಈಚೆ ಬರ್ಬೇಕು ಅಷ್ಟೆ. ಆದ್ರೆ ಕೆಲಸ ನೋಡಿದ್ರೆ ನಮ್ಮ ನವಾರ್ ಮಂಚದ ಲೆಕ್ಕಾನೇ. 1940ರ ದಶಕದಲ್ಲಿ ಯೆನ್ಸ್ ರೀಸಮ್ ಅನ್ನೋ ಡಿಸೈನರ್ ಅಮೆರಿಕದ ನೋಲ್ ಕಂಪನಿಗೆ ಮಾಡಿದ ಹೆಸರುವಾಸಿ ಕುರ್ಚಿಗೂ, ಯುದ್ಧದ ಟೈಮಲ್ಲಿ ಬೇರೆ ಮಾಲಿಲ್ಲದೆ, ಸೇನೆ ಬೇಡ ಅಂತ ಬಿಟ್ಟ ಪ್ಯಾರಾಶೂಟ್ ಪಟ್ಟಿನೇ ಹೆಣೆದಿದ್ರು. ಒಳ್ಳೆ ಆಚಾರ್ರು ಒಬ್ರು ಸಿಕ್ರೆ ಫ್ರೇಮ್ ಇಲ್ಲೇ ಆಗುತ್ತೆ, ಹೆಣಿಗೆ ನೀವೇ ಮಾಡ್ಬೋದು.

ಮೊದಲು ಮರ. ಮೈಸೂರು ಅಂದ್ರೆ ಬೀಟೆ ನೆನಪಾಗುತ್ತೆ, ಅದು ಇನ್‌ಲೇ ಕೆಲಸಕ್ಕಿರಲಿ, ಇದಕ್ಕೆ ತೇಗ ಸಾಕು. ಹಳೆ ಮನೆ ಕೆಡವಿದಾಗ ಸಿಗೋ ತೊಲೆ, ಚೌಕಟ್ಟು ಇದ್ರೆ ಇನ್ನೂ ವಾಸಿ, ವರ್ಷಾನುಗಟ್ಟಲೆ ಒಣಗಿರೋದ್ರಿಂದ ಆಮೇಲೆ ಸೊಟ್ಟ ಆಗೋದು ಕಮ್ಮಿ. ಕಾಲುಗಳ ನಡುವೆ 20 ಇಂಚು, ಸೀಟಿನ ಮುಂಭಾಗ 16 ಇಂಚು ಎತ್ತರ, ಹಿಂಭಾಗ ಎರಡು ಇಂಚು ತಗ್ಗು. ಪಟ್ಟಿ ಬಿಗಿದ ಮೇಲೆ ನಾಲ್ಕೂ ಅಡ್ಡಪಟ್ಟೆನ ಒಳಕ್ಕೆ ಎಳೆಯುತ್ತೆ, ಅದಕ್ಕೇ ಪಟ್ಟೆ ದಪ್ಪ ಇರ್ಬೇಕು, ಜಾಯಿಂಟ್ ಬರೀ ಸ್ಕ್ರೂಲಿ ಬೇಡ, ತೂತಿಗೆ ಇಳಿಸಿ ಗೋಂದು ಹಾಕ್ಸಿ. ಚರ್ಮ ಸುತ್ತೋ ಅಂಚನ್ನೆಲ್ಲ ಉಜ್ಜಿ ಉರುಟು ಮಾಡ್ಸೋದು ಮರೀಬೇಡಿ, ಚೂಪಿದ್ರೆ ಅಲ್ಲೇ ಚರ್ಮ ಕತ್ತರಿಸುತ್ತೆ. ಪಾಲಿಶ್ ಹೆಣೆಯೋಕೆ ಮುಂಚೇನೇ ಮುಗೀಬೇಕು.

ಈಗ ಚರ್ಮ, ಇಡೀ ಕುರ್ಚಿ ನಿಂತಿರೋದೇ ಇದರ ಮೇಲೆ. ತೊಗಟೆಲಿ ಹದ ಮಾಡಿದ ಚರ್ಮಾನೇ ಕೇಳಿ. ರಸ್ತೆ ಪಕ್ಕ ಹಳದಿ ಹೂ ಬಿಡೋ ತಂಗಡಿ ಗಿಡ ಇದ್ಯಲ್ಲ, ಅದರ ತೊಗಟೆ ನಮ್ಮ ಕಡೆ ಹಿಂದಿನಿಂದ್ಲೂ ಇದಕ್ಕೇ ಬಳಸ್ತಿದ್ದಿದ್ದು. ಕ್ರೋಮ್ ಹಾಕಿ ಹದ ಮಾಡಿದ್ದು ಮೆತ್ತಗಿರುತ್ತೆ, ಬ್ಯಾಗಿಗೆ ಸರಿ, ಸೀಟಿಗೆ ಹಾಕಿದ್ರೆ ಬೇಗ ಜೋಲುತ್ತೆ. ಕತ್ತರಿಸಿದ ಅಂಚು ನೋಡಿ, ನಡುವೆ ನೀಲಿ-ಬೂದು ಬಣ್ಣ ಕಂಡ್ರೆ ಕ್ರೋಮು, ಪೂರ್ತಿ ಕಂದು ಇದ್ರೆ ಸಾಮಾನ್ಯವಾಗಿ ತೊಗಟೆದು. ದಪ್ಪ 3ರಿಂದ 4 ಮಿಲಿಮೀಟರ್. ಬೆನ್ನಿನ ಭಾಗ ತಗೊಳ್ಳಿ, ಹೊಟ್ಟೆ ಭಾಗ ಅಗ್ಗಕ್ಕೆ ಕೊಡ್ತೀನಿ ಅಂದ್ರೂ ಬೇಡ, ಅದು ಹಿಗ್ಗುತ್ತೆ. ಪಟ್ಟಿ ಬೆನ್ನುಮೂಳೆ ಉದ್ದಕ್ಕೇ ಕತ್ತರಿಸ್ಬೇಕು.

ಒಂದೂವರೆ ಇಂಚು ಅಗಲದ ಪಟ್ಟಿ ಆದ್ರೆ ಸೀಟಿಗೆ ಉದ್ದಕ್ಕೆ 13, ಅಡ್ಡಕ್ಕೆ 13, ಸುತ್ತಿ ಮೊಳೆ ಹೊಡೆಯೋ ಭಾಗ ಸೇರಿ ಒಂದೊಂದು 28 ಇಂಚು, ಒಟ್ಟು ಸುಮಾರು 60 ಅಡಿ. ವೇಸ್ಟ್ ಸೇರಿಸಿ 10 ಚದರಡಿ ಚರ್ಮ ತರ್ಬೇಕು, ಬೆನ್ನಿಗೆ ಬೇರೆ.

ಹೆಣೆಯೋ ದಿನ ಪಟ್ಟಿನ ನೆನೆ ಹಾಕ್ಬೇಡಿ, ಒದ್ದೆ ಸ್ಪಂಜಲ್ಲಿ ಒರೆಸಿದ್ರೆ ಸಾಕು, ಬಗ್ಗುತ್ತೆ, ಒಣಗಿದಾಗ ಬಿಗಿಯಾಗುತ್ತೆ. ಹಿಂದಿಂದ ಮುಂದಕ್ಕೆ ಹೋಗೋ 13ನ್ನೂ ಮೊದಲು ಎಳೆದು ಅಡ್ಡಪಟ್ಟೆ ಸುತ್ತಿ ತಳಭಾಗಕ್ಕೆ ಮೊಳೆ ಹೊಡೀರಿ, ಆಮೇಲೆ ಅಡ್ಡದವು, ಒಂದರ ಮೇಲೆ ಒಂದರ ಕೆಳಗೆ, ಮುಂದಿನ ಸಾಲು ಉಲ್ಟಾ. ಪ್ರತಿ ಸಾಲನ್ನೂ ಮರದ ತುಂಡಲ್ಲಿ ತಟ್ಟಿ ಪಕ್ಕಕ್ಕೆ ಒತ್ತುಕೊಂಡು ಹೋಗಿ, ಸಂದಿ ಬಿಟ್ರೆ ಕೂತಾಗ ಪಟ್ಟಿ ಸರಿಯುತ್ತೆ. ಮೊಳೆ ಹಿತ್ತಾಳೆ ಇಲ್ಲ ತಾಮ್ರದ್ದೇ ಆಗ್ಬೇಕು, ಯಾಕಂದ್ರೆ ತೊಗಟೆಯ ಒಗರಿಗೆ ಕಬ್ಬಿಣ, ತೇವ ಸೇರಿದ್ರೆ ಚರ್ಮದ ಮೇಲೆ ಕಪ್ಪು ಕಲೆ ಕೂರುತ್ತೆ, ಹೋಗೋದು ಕಷ್ಟ.

ನೆರಳಲ್ಲಿ ಪೂರ್ತಿ ಒಣಗೋ ತನಕ ಯಾರನ್ನೂ ಕೂರಿಸ್ಬೇಡಿ. ಕೊಬ್ಬರಿ ಎಣ್ಣೆ ಹಚ್ಚಿದ್ರೆ ಚರ್ಮ ಕಪ್ಪಾಗುತ್ತೆ, ಮುಗ್ಗಲು ವಾಸ್ನೆನೂ ಬರ್ಬೋದು, ಜೇನುಮೇಣದ ಕ್ರೀಮು ತೆಳ್ಳಗೆ ಸಾಕು. ಮಳೆಗಾಲದಲ್ಲಿ ಬೂಷ್ಟು ಬಂದ್ರೆ ಒಣ ಬಟ್ಟೆಲಿ ಒರೆಸಿ ಫ್ಯಾನ್ ಗಾಳಿಗಿಡಿ, ಬಿಸಿಲಿಗೆ ಹಾಕಿದ್ರೆ ಬಿರುಕು ಬಿಡುತ್ತೆ. ಕೂತು ಕೂತು ಸ್ವಲ್ಪ ಸಡಿಲ ಆಗೇ ಆಗುತ್ತೆ, ಆಗ ತಳದ ಮೊಳೆ ಕಿತ್ತು ಒಂದೊಂದೇ ಪಟ್ಟಿ ಎಳೆದು ಮತ್ತೆ ಹೊಡೆಯೋಕೆ ಅಂತಾನೇ ತುದಿಲಿ ಅರ್ಧ ಇಂಚು ಜಾಸ್ತಿ ಬಿಟ್ಟಿರಿ.