ಚೌಕ ಕಣ್ಣಿನ ಬಲೆ ಒಪ್ಪಿಸಿದ್ದು ಹೀಗೆ: ನನ್ನ ಅನುಭವ

ದಂಡ ಹಾಕದೆ, ಸಮುದ್ರದ ತಳದಲ್ಲಿ ಬಲೆ ಎಳೆಯುವ ಟ್ರಾಲ್ ಬೋಟಿನವರ ಬಲೆ ಬದಲಿಸುತ್ತೇನೆ ಎಂದಾಗ ಮೇಲಿನವರು ನಕ್ಕಿದ್ದರು. ಬೋಟ್ ಮಾಲೀಕರು ಇನ್ನೂ ಜಾಸ್ತಿ ನಕ್ಕಿದ್ದರು. "ಸಾರ್, ನೀವು ಇನ್ನೆಷ್ಟು ವರ್ಷ ಇಲ್ಲಿ ಇರ್ತೀರಿ? ಟ್ರಾನ್ಸ್‌ಫರ್ ಆಗುವವರೆಗೆ ಸುಮ್ನೆ ಇರಿ ಮಾರಾಯ್ರೆ" ಅಂತ ಒಬ್ಬರು ನನ್ನ ಎದುರಿಗೇ ಹೇಳಿದರು. ಈಗ ಆ ಬಂದರಿನ ಅರ್ಧಕ್ಕಿಂತ ಜಾಸ್ತಿ ಟ್ರಾಲ್ ಬೋಟ್‌ಗಳಲ್ಲಿ ಬಲೆಯ ಕೊನೆಯ ಚೀಲ ಚೌಕ ಕಣ್ಣಿನದು, ಅಂದರೆ ಎಳೆದಾಗಲೂ ಕಣ್ಣು ಮುಚ್ಚದೆ ಮರಿ ಮೀನನ್ನು ಹೊರಗೆ ಬಿಡುವಂಥದ್ದು. ಹಾಗೆ ಹೇಳಿದವರ ಬೋಟ್ ಕೂಡ ಅದರಲ್ಲಿ ಸೇರಿದೆ.

ಕರಾವಳಿಯ ಮೂರು ಜಿಲ್ಲೆಗಳಲ್ಲಿ ಮೀನುಗಾರಿಕೆ ಇಲಾಖೆಯ ಕುರ್ಚಿಗೆ ಹೊಸದಾಗಿ ಬಂದು ಕೂತವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಕಡಲ ಮೀನುಗಾರಿಕೆಯ 1986ರ ಕಾಯ್ದೆ, ಬಲೆಯ ಕಣ್ಣಿನ ಅಳತೆ, ರಾಜ್ಯದ 12 ನಾಟಿಕಲ್ ಮೈಲಿಯ ಗಡಿ, ಇವೆಲ್ಲ ನಿಮಗೆ ಗೊತ್ತು. ಅದನ್ನು ಮತ್ತೆ ಹೇಳುವುದಿಲ್ಲ.

ನಮ್ಮ ಕುರ್ಚಿಯ ಕಷ್ಟ ಏನೆಂದರೆ ಅದರಲ್ಲಿ ಎರಡು ಕೆಲಸ ಕೂತಿವೆ. ತಿಂಗಳ ಸಭೆಯ ಮೊದಲ ಪ್ರಶ್ನೆ, ಈ ಸಲ ಎಷ್ಟು ಟನ್ ಮೀನು ಬಂತು? ಅದೇ ಸಭೆಯ ಕೊನೆಗೆ ಇನ್ನೊಂದು ಪ್ರಶ್ನೆ, ಮರಿ ಮೀನು ಹಿಡಿಯುವುದು ನಿಂತಿತಾ? ಮರಿ ಮೀನೂ ಆ ಟನ್ನಿನಲ್ಲೇ ತೂಗಿರುತ್ತದೆ. ಒಂದು ಅಂಕಿ ಏರಿಸಿದರೆ ಇನ್ನೊಂದು ಕೆಡುತ್ತದೆ. ಮೇಲಿನವರಿಗೆ ಇದನ್ನು ವಿವರಿಸಲು ಹೋದರೆ "ಎರಡನ್ನೂ ಬ್ಯಾಲೆನ್ಸ್ ಮಾಡಿ" ಎನ್ನುತ್ತಾರೆ. ಸಭೆ ಮುಗಿಯುತ್ತದೆ.

ನಾನು ಬಂದಾಗ ಇದ್ದ ವಿಧಾನ ದಾಳಿ. ಬೆಳಗಿನ ಜಾವ ಬೋಟ್ ಬಂದು ನಿಲ್ಲುವ ಧಕ್ಕೆಗೆ ಹೋಗುವುದು, ಸಣ್ಣ ಕಣ್ಣಿನ ಬಲೆ ಸಿಕ್ಕರೆ ಜಪ್ತಿ ಮಾಡುವುದು, ಕೇಸು ಹಾಕುವುದು. ನಾವು ಜೀಪು ಹತ್ತುವ ಮೊದಲೇ ಧಕ್ಕೆಗೆ ಸುದ್ದಿ ಹೋಗಿರುತ್ತಿತ್ತು. ಸಿಕ್ಕಿಬಿದ್ದವನ ಪರವಾಗಿ ಹತ್ತು ನಿಮಿಷದಲ್ಲಿ ಫೋನ್ ಬರುತ್ತಿತ್ತು. ಅದನ್ನೂ ದಾಟಿ ಬಲೆ ಜಪ್ತಿ ಮಾಡಿದರೆ ಆತನ ಬಳಿ ಇನ್ನೊಂದು ಬಲೆ ತಯಾರಿರುತ್ತಿತ್ತು. ನಮ್ಮ ಗೋದಾಮಿನಲ್ಲಿ ಬಲೆಯ ರಾಶಿ ಬೆಳೆಯಿತು. ಇಲಿಗಳಿಗೆ ಒಳ್ಳೆಯ ಮನೆಯಾಯಿತು.

ಆಮೇಲೆ ಅವರೇ ಜಾಣರಾದರು. ಹೊರಗೆ ನಿಯಮದ 35 ಮಿಲಿಮೀಟರ್ ಕಣ್ಣಿನ ಚೀಲ, ಅದರೊಳಗೆ ಸಣ್ಣ ಕಣ್ಣಿನ ಇನ್ನೊಂದು ಚೀಲ. ಸ್ಕೇಲ್ ಹಿಡಿದು ಹೊರಗಿನಿಂದ ಅಳೆದರೆ ಎಲ್ಲ ಸರಿ. ಕೈ ಹಾಕಿ ಒಳಗಿನಿಂದ ಎಳೆದರೆ ಮಾತ್ರ ಗೊತ್ತಾಗುತ್ತದೆ. ನಮ್ಮ ಹುಡುಗರಿಗೆ ಇದು ಗೊತ್ತಾಗಲು ಒಂದು ಇಡೀ ಸೀಸನ್ ಬೇಕಾಯಿತು.

ಎರಡನೇ ವಿಧಾನ ಜಾಗೃತಿ ಕಾರ್ಯಾಗಾರ. ಹಾಲ್, ಫ್ಲೆಕ್ಸ್, ಊಟ, ಬಂದವರಿಗೆ ಒಂದು ಬ್ಯಾಗ್. ಒಂದು ದಿನಕ್ಕೆ ಮೂವತ್ತು ನಲವತ್ತು ಸಾವಿರ. ಮೀನುಗಾರರ ಕಾರ್ಯಾಗಾರಕ್ಕೆ ಕೋಳಿ ಸುಕ್ಕ ಮಾಡಿಸಿದ್ದು ಯಾರ ಐಡಿಯಾ ಅಂತ ಈಗಲೂ ಗೊತ್ತಿಲ್ಲ, ಆದರೆ ಜನ ಬಂದದ್ದು ಅದಕ್ಕೇ. ಬಂದವರು ಬೋಟ್ ಮಾಲೀಕರು. ಬಲೆ ಎಳೆಯುವವರು ಆ ಹೊತ್ತಿಗೆ ಸಮುದ್ರದಲ್ಲಿದ್ದರು.

ಮೂರನೆಯದು ಉಚಿತ ವಿತರಣೆ. ಒಂದು ಚೌಕ ಕಣ್ಣಿನ ಚೀಲಕ್ಕೆ ಆಗ ಏಳೆಂಟು ಸಾವಿರ ಬೀಳುತ್ತಿತ್ತು. ಒಟ್ಟು ನಾಲ್ಕು ಲಕ್ಷದ ಹತ್ತಿರ ಖರ್ಚು ಮಾಡಿ ಹಂಚಿದೆವು. ಪೇಪರಿನಲ್ಲಿ ಫೋಟೊ ಬಂತು. ಆರು ತಿಂಗಳ ನಂತರ ಹಳ್ಳಿಯ ಕಡೆ ಹೋದಾಗ ನಮ್ಮ ಚೀಲಗಳು ಕಂಡವು. ಒಂದು ಬಸಳೆ ಚಪ್ಪರದ ಮೇಲಿತ್ತು. ಇನ್ನೊಂದು ಕೋಳಿಗೂಡಿನ ಸುತ್ತ. ಶಾಲೆಯ ಮೈದಾನದಲ್ಲಿ ಒಂದನ್ನು ಕ್ರಿಕೆಟ್ ನೆಟ್ ಮಾಡಿಕೊಂಡಿದ್ದರು, ಅದು ಮಾತ್ರ ಚೆನ್ನಾಗಿ ಕೆಲಸ ಮಾಡುತ್ತಿತ್ತು.

ಇದರ ನಡುವೆ ಭೂತಾಯಿ ಮೀನು, ಅಂದರೆ ಸಾರ್ಡಿನ್, ಕೈಕೊಟ್ಟಿತು. ಕೇರಳದಲ್ಲಿ 2012ರಲ್ಲಿ ಸುಮಾರು 4 ಲಕ್ಷ ಟನ್ ಸಿಕ್ಕಿದ್ದ ಮೀನು 2021ರಲ್ಲಿ ಮೂರೂವರೆ ಸಾವಿರ ಟನ್ ಆಸುಪಾಸಿಗೆ ಇಳಿಯಿತು. ಇದನ್ನು ತೋರಿಸಿ ಟ್ರಾಲ್‌ನವರನ್ನು ಹೆದರಿಸಿ ಅಂತ ಹಲವರು ಸಲಹೆ ಕೊಟ್ಟರು. ನಾನು ಮಾಡಲಿಲ್ಲ. ಭೂತಾಯಿ ಮೇಲ್ನೀರಿನಲ್ಲಿ ಓಡಾಡುವ ಮೀನು, ಅದನ್ನು ಜಾಸ್ತಿ ಹಿಡಿಯುವುದು ಮೀನಿನ ಗುಂಪನ್ನು ಸುತ್ತುವರಿಯುವ ಬಲೆಗಳಾದ ಪರ್ಸೀನ್ ಮತ್ತು ರಿಂಗ್‌ಸೀನ್. ನೀರಿನ ಬಿಸಿಯ ಪಾತ್ರವೂ ಇದೆ. ತಳ ಎಳೆಯುವ ಬೋಟಿನ ತಾಂಡೇಲನಿಗೆ, ಅಂದರೆ ಬೋಟ್ ನಡೆಸುವವನಿಗೆ, ಇದು ನಮಗಿಂತ ಚೆನ್ನಾಗಿ ಗೊತ್ತು. ಒಂದು ಸಲ ಅವನ ಎದುರು ತಪ್ಪು ಲೆಕ್ಕ ಹೇಳಿದರೆ ಮುಂದೆ ನಿಮ್ಮ ಯಾವ ಮಾತೂ ನಡೆಯುವುದಿಲ್ಲ.

ದಾರಿ ಸಿಕ್ಕಿದ್ದು ಜೋಡಿ ಪ್ರಯೋಗದಿಂದ. ಅಣ್ಣ ತಮ್ಮಂದಿರ ಎರಡು ಬೋಟ್ ಇದ್ದವು. ಒಂದೇ ಅಳತೆ, ಒಂದೇ ಕಂಪನಿಯ ಇಂಜಿನ್. ಒಂದರಲ್ಲಿ ಅವರ ಹಳೆಯ ಚೀಲ, ಇನ್ನೊಂದರಲ್ಲಿ ಚೌಕ ಕಣ್ಣಿನದು. ಒಂದೇ ಜಾಗದಲ್ಲಿ ಅಕ್ಕಪಕ್ಕ ಎಳೆಯಬೇಕು. ನಷ್ಟವಾದರೆ ಆ ಟ್ರಿಪ್ಪಿನ ಡೀಸೆಲ್ ನಮ್ಮದು ಅಂತ ಮಾತು ಕೊಟ್ಟೆ. ಲೆಕ್ಕ ಬರೆಯುವವರು ನಮ್ಮವರಲ್ಲ, ಅವರ ತಾಂಡೇಲರೇ. ಇದು ಮುಖ್ಯ. ನಮ್ಮ ಪುಸ್ತಕದ ಅಂಕಿ ಧಕ್ಕೆಯಲ್ಲಿ ಚಲಾವಣೆ ಆಗುವುದಿಲ್ಲ, ತಾಂಡೇಲನ ಬಾಯಿಯ ಅಂಕಿ ಸಂಜೆಯೊಳಗೆ ಎಲ್ಲ ಬೋಟ್‌ಗೂ ಮುಟ್ಟುತ್ತದೆ.

ಮೊದಲ ಟ್ರಿಪ್ಪಿಗೆ ನಾನೂ ಹೋಗಿದ್ದೆ. ಬಲೆ ಮೇಲೆ ಬಂದಾಗ ನೋಡಬೇಕು. ಹಳೆಯ ಚೀಲದ ಕಣ್ಣುಗಳು ಭಾರಕ್ಕೆ ಎಳೆದು ಮುಚ್ಚಿಕೊಂಡು ಹಗ್ಗದ ಹಾಗೆ ಆಗಿದ್ದವು. ಅದರಿಂದ ಬೆರಳು ಕೂಡ ಹೊರಗೆ ಬಾರದು. ಚೌಕ ಕಣ್ಣಿನದು ಅದೇ ಭಾರದಲ್ಲೂ ಬಾಯಿ ಬಿಟ್ಟುಕೊಂಡೇ ಇತ್ತು. ನೀರಿನ ಮೇಲೆ ಚೀಲ ಬರುತ್ತಿದ್ದಂತೆ ಹೆಬ್ಬೆರಳಿನಷ್ಟು ಉದ್ದದ ಮದ್ಮಲ್ ಮೀನಿನ ಮರಿಗಳು ಎರಡೂ ಬದಿಯಿಂದ ಜಾರಿ ನೀರಿಗೆ ಬೀಳುತ್ತಿದ್ದವು. ಇದನ್ನು ನೋಡಿ ಬೋಟಿನಲ್ಲಿ ದುಡಿಯುವ ಕಲಾಸಿಗಳ ಮುಖ ಸಣ್ಣಗಾಯಿತು. ಆ ಮುಖ ಯಾಕೆ ಸಣ್ಣಗಾಯಿತು ಎನ್ನುವುದರಲ್ಲೇ ಇಡೀ ಉತ್ತರ ಇತ್ತು. ನನಗೆ ಅದು ಹೊಳೆದದ್ದು ವಾರಗಳ ನಂತರ.

ಲೆಕ್ಕ ನೆನಪಿನಿಂದ ಹೇಳುತ್ತೇನೆ, ಹೆಚ್ಚು ಕಡಿಮೆ ಇರಬಹುದು. ಹಳೆಯ ಚೀಲದಲ್ಲಿ ಒಂದು ಎಳೆತಕ್ಕೆ ಐಸಿಗೆ ಹೋಗುವ ಮೀನು 150 ಕೆ.ಜಿ., ಮರಿ ಮೀನನ್ನು ಪುಡಿ ಮಾಡುವ ಕಾರ್ಖಾನೆಗೆ, ಅಂದರೆ ಫಿಶ್‌ಮಿಲ್‌ಗೆ ಹೋಗುವುದು 100 ಕೆ.ಜಿ. ಹೊಸದರಲ್ಲಿ ಐಸ್ ಮೀನು 145, ಫಿಶ್‌ಮಿಲ್ ಮೀನು 30. ಸಣ್ಣ ಬೊಂಡಾಸ್ (ಸ್ಕ್ವಿಡ್) ಸ್ವಲ್ಪ ಕೈತಪ್ಪಿತು, ನಿಜ. ಫಿಶ್‌ಮಿಲ್ ಮೀನಿಗೆ ಕೆ.ಜಿ.ಗೆ 20 ರೂಪಾಯಿ ಹಿಡಿದರೆ 1,400 ರೂಪಾಯಿ ಹೋಯಿತು. ಆದರೆ ಹೊಸ ಚೀಲದಲ್ಲಿ ಮೀನು ಮೀನಿನ ಮೇಲೆ ಬಿದ್ದು ಜಜ್ಜಿ ಹೋಗುವುದಿಲ್ಲ. ಆರಿಸುವುದು ಬೇಗ ಮುಗಿಯುತ್ತದೆ, ಐಸಿಗೆ ಬೇಗ ಹೋಗುತ್ತದೆ. ಹರಾಜಿನಲ್ಲಿ ಕೆ.ಜಿ.ಗೆ 90 ಇದ್ದದ್ದು 100 ಆಯಿತು. ಅಲ್ಲಿ ಒಂದು ಸಾವಿರ ಬಂತು. ಬಲೆ ಹಗುರ ಎಳೆಯುವುದರಿಂದ ಎಳೆತಕ್ಕೆ ನಾಲ್ಕೈದು ಲೀಟರ್ ಡೀಸೆಲ್ ಉಳಿಯಿತು. ಅಲ್ಲಿಗೆ ನಾಲ್ಕು ನೂರು. ಒಟ್ಟಿನಲ್ಲಿ ಲೆಕ್ಕ ಸಮ.

ಸಮ ಎಂದರೆ ಸಾಕಲ್ವಾ? ಸಾಕಾಗಲಿಲ್ಲ. ಮಾಲೀಕರು ಒಪ್ಪಿ ಬೋಟ್ ಕಳಿಸಿದರೂ ಎರಡನೇ ಟ್ರಿಪ್ಪಿಗೆ ಒಳಚೀಲ ಮತ್ತೆ ಬಂದಿರುತ್ತಿತ್ತು. ಮಾಲೀಕರಿಗೇ ಗೊತ್ತಿಲ್ಲದೆ. ಕೊನೆಗೆ ಒಬ್ಬ ತಾಂಡೇಲ ಬಾಯಿಬಿಟ್ಟ. "ಸಾರ್, ನಿಮ್ಮ ಲೆಕ್ಕ ಸಮ ಇದೆ. ಯಾರಿಗೆ ಸಮ ಅಂತ ಕೇಳಿ."

ಅವರ ಬೋಟ್‌ಗಳಲ್ಲಿ ಫಿಶ್‌ಮಿಲ್ ಮೀನಿನ ದುಡ್ಡು ಕಲಾಸಿಗಳ ಬಟ್ಟಾ, ಅಂದರೆ ಕೈಗೆ ಸಿಗುವ ಭತ್ಯೆ. ಐಸ್ ಮೀನಿನ ದುಡ್ಡಿನಲ್ಲಿ ಡೀಸೆಲ್, ಐಸ್ ಖರ್ಚು ಕಳೆದು ಪಾಲಾಗುತ್ತದೆ. ಮರಿ ಮೀನಿನ ದುಡ್ಡು ಮಾತ್ರ ಧಕ್ಕೆಯಲ್ಲೇ ನಗದು, ನೇರ ಜೇಬಿಗೆ. ಅಂದರೆ ನಮ್ಮ ಚೀಲ ಹುಡುಗರ ಜೇಬಿನಿಂದ 1,400 ತೆಗೆದು ಮಾಲೀಕರ ಗಲ್ಲಾಪೆಟ್ಟಿಗೆಗೆ ಹಾಕುತ್ತಿತ್ತು. ಬಲೆ ಹೊಲಿಯುವವರು, ಬಿಚ್ಚುವವರು, ಒಳಚೀಲ ಕಟ್ಟುವವರು ಎಲ್ಲ ಅದೇ ಹುಡುಗರು. ಮತ್ತೆ ನಾವು ಕೋಳಿ ಸುಕ್ಕ ಹಾಕಿಸಿದ್ದು ಮಾಲೀಕರಿಗೆ!

ಆಮೇಲೆ ಕೆಲಸ ಸುಲಭ ಅಂತ ಹೇಳುವುದಿಲ್ಲ, ಆದರೆ ಎಲ್ಲಿ ಕೈ ಹಾಕಬೇಕು ಅಂತ ಗೊತ್ತಾಯಿತು. ಮಾಲೀಕರನ್ನು ಕೂರಿಸಿ, ಕಾಗದದ ಮೇಲೆ ಆ ಸಾವಿರದ ನಾಲ್ಕು ನೂರು ಎಲ್ಲಿಂದ ಎಲ್ಲಿಗೆ ಹೋಯಿತು ಎಂದು ತೋರಿಸಿದೆ. ಹರಾಜಿನಲ್ಲಿ ಜಾಸ್ತಿ ಸಿಕ್ಕ ದುಡ್ಡಿನಿಂದ ಪ್ರತಿ ಬಾಕ್ಸಿಗೆ ಇಷ್ಟು ಅಂತ ಕಲಾಸಿಗಳಿಗೆ ನಗದು ಬಟ್ಟಾ ಕೊಡಬೇಕು, ಧಕ್ಕೆಯಲ್ಲೇ ಕೊಡಬೇಕು, ಪಾಲು ಮಾಡುವ ದಿನಕ್ಕೆ ತಳ್ಳಬಾರದು. ಮೊದಲು ಇಬ್ಬರು ಒಪ್ಪಿದರು. ಆ ಬೋಟ್‌ಗಳಲ್ಲಿ ಒಳಚೀಲ ಮತ್ತೆ ಕಾಣಲಿಲ್ಲ. ಪಕ್ಕದ ಬೋಟಿನ ಹುಡುಗರು ತಮ್ಮ ಮಾಲೀಕರ ಹತ್ತಿರ ಅದೇ ಬಟ್ಟಾ ಕೇಳಲು ಶುರು ಮಾಡಿದರು. ಅಲ್ಲಿಂದ ಮುಂದೆ ನಮ್ಮ ಜೀಪು ಓಡುವ ಅಗತ್ಯವೇ ಬರಲಿಲ್ಲ. ಕಾಯ್ದೆಯಲ್ಲಿ ಈ ಬಟ್ಟಾದ ಬಗ್ಗೆ ಒಂದು ಅಕ್ಷರ ಇಲ್ಲ, ನನಗೆ ಅದರಲ್ಲಿ ಬಾಯಿ ಹಾಕುವ ಅಧಿಕಾರವೂ ಇರಲಿಲ್ಲ. ಸುಮ್ನೆ ಮಧ್ಯೆ ಕೂತೆ, ಅಷ್ಟೆ.

ಡೀಸೆಲ್ ಖಾತರಿಗೆ ಎರಡು ಸೀಸನ್ ಸೇರಿ ಒಂದೂವರೆ ಲಕ್ಷದ ಒಳಗೇ ಮುಗಿಯಿತು. ಉಚಿತ ವಿತರಣೆಯ ನಾಲ್ಕು ಲಕ್ಷದ ಎದುರು ಇದು ಏನೂ ಅಲ್ಲ. ಆದರೂ ಆಡಿಟ್‌ನವರು ಬಿಡಲಿಲ್ಲ. "ಹಿಡಿಯದ ಮೀನಿಗೆ ಹಣ ಪಾವತಿಸಿದ್ದೇಕೆ?" ಎಂದು ಬರೆದರು. ಆ ಹಣವನ್ನು ಯಾವ ಶೀರ್ಷಿಕೆಯಲ್ಲಿ ಹಾಕಿದೆ, ಆ ಆಕ್ಷೇಪಕ್ಕೆ ಏನು ಉತ್ತರ ಬರೆದು ಮುಗಿಸಿದೆ ಎನ್ನುವುದನ್ನು ಇಲ್ಲಿ ಹೇಳುವುದಿಲ್ಲ. ಇಲಾಖೆಯವರು ಎದುರು ಸಿಕ್ಕಿ ಕೇಳಿದರೆ ಹೇಳುತ್ತೇನೆ. ಹಾಗೆಯೇ ಚೌಕ ಕಣ್ಣನ್ನು ಹಳೆಯ ಬಲೆಗೆ ಜೋಡಿಸುವಾಗ ಎಷ್ಟು ಕಣ್ಣಿಗೆ ಎಷ್ಟು ಕಣ್ಣು ಹಿಡಿಯಬೇಕು ಎಂಬ ಲೆಕ್ಕ. ಅದು ತಪ್ಪಿದರೆ ಜೋಡಣೆಯಲ್ಲೇ ಹರಿಯುತ್ತದೆ. ಆ ಲೆಕ್ಕ ನಮ್ಮ ಧಕ್ಕೆಯ ಒಬ್ಬ ಬಲೆ ಹೆಣೆಯುವವರದು, ಅವರ ಹೊಟ್ಟೆಪಾಡು. ನಾನು ಬರೆಯುವುದು ಸರಿಯಲ್ಲ.

ಇದರ ಜೊತೆಗೆ ಸಣ್ಣಪುಟ್ಟ ಪ್ರಯೋಗಗಳೂ ನಡೆದವು. ಕೇರಳದವರು 2015ರಲ್ಲಿ 14 ಜಾತಿಗೆ ಕನಿಷ್ಠ ಅಳತೆ ನಿಗದಿ ಮಾಡಿ, 2017ರಲ್ಲಿ 58 ಜಾತಿಗೆ ಏರಿಸಿದರು ಅಲ್ವಾ. ಅದನ್ನು ನೋಡಿ ನಾವು ಮೀನಿನ ಬಾಕ್ಸಿನ ಅಂಚಿನಲ್ಲಿ ಬಣ್ಣದ ಗೆರೆ ಎಳೆಸಿದೆವು. ಭೂತಾಯಿಗೆ 10 ಸೆಂಟಿಮೀಟರ್, ಬಂಗುಡೆಗೆ 14, ರಿಬ್ಬನ್ ಹಾಗೆ ಉದ್ದ ಇರುವ ಪಾಂಬೋಲಿಗೆ 46. ಬೋಟಿನವರು ಅದರತ್ತ ತಿರುಗಿಯೂ ನೋಡಲಿಲ್ಲ. ಆದರೆ ಮೀನು ಕೊಳ್ಳಲು ಬರುವ ಹೆಂಗಸರು ಆ ಗೆರೆ ಹಿಡಿದು ಚೌಕಾಸಿ ಶುರು ಮಾಡಿದರು. "ಗೆರೆ ಮುಟ್ಟಿಲ್ಲ, ಐವತ್ತು ರೂಪಾಯಿ ಬಿಡು." ನಾನು ಅಂದುಕೊಂಡದ್ದು ಒಂದು, ಆದದ್ದು ಇನ್ನೊಂದು. ಆದರೂ ಒಳ್ಳೆಯದೇ ಆಯಿತು.

ಆಮೆ ಹೊರಹೋಗುವ ಸಾಧನ, ಅದೇ ಟೆಡ್, ಅದನ್ನೂ ಒಂದು ಬೋಟಿನಲ್ಲಿ ಹಾಕಿಸಿದ್ದೆ. ಅದಿಲ್ಲ ಎಂಬ ಕಾರಣಕ್ಕೆ 2019ರಲ್ಲಿ ಅಮೆರಿಕ ನಮ್ಮ ಸಮುದ್ರದ ಸಿಗಡಿ ಕೊಳ್ಳುವುದನ್ನು ನಿಲ್ಲಿಸಿತು. ದೊಡ್ಡ ಮೀನು ಅದರ ಬಾಯಿಯಿಂದ ಹೋಗುತ್ತದೆ ಎಂದು ತಾಂಡೇಲರಿಗೆ ಹೆದರಿಕೆ. ಆಮೆಯ ಹೆಸರಿನಲ್ಲಿ ಅದು ನಡೆಯಲಿಲ್ಲ. ಜೆಲ್ಲಿ ಮೀನು ಬಲೆ ತುಂಬುವ ದಿನಗಳಲ್ಲಿ ಮಾತ್ರ ಅದೇ ಬೋಟಿನವರು ತಾವಾಗಿ ಕೇಳಿ ಹಾಕಿಕೊಂಡರು, ಯಾಕೆಂದರೆ ಜೆಲ್ಲಿ ಆ ಬಾಯಿಯಿಂದಲೇ ಹೊರಗೆ ಹೋಗುತ್ತದೆ. ಮುಂದಿನವರು ಟೆಡ್ ವಿಷಯ ಎತ್ತುವಾಗ ಆಮೆಯಿಂದ ಶುರು ಮಾಡಬೇಡಿ, ಜೆಲ್ಲಿಯಿಂದ ಮಾಡಿ.

ಫಿಶ್‌ಮಿಲ್‌ನವರು ಸಿಟ್ಟಾದರು, ಸಹಜ. ಕಚ್ಚಾ ಮೀನು ಕಡಿಮೆಯಾದರೆ ಅವರ ಬಾಯ್ಲರ್ ನಿಲ್ಲುತ್ತದೆ. ನಾಲ್ಕೈದು ದಿನ ಮೀನಿನ ರೇಟು ಏರಿಸಿ ನೋಡಿದರು. ಕೆಲವು ಬೋಟ್ ಜಾರಿದವು, ರೇಟು ಇಳಿದ ಮೇಲೆ ವಾಪಸ್ ಬಂದವು. ಅದರಾಚೆ ಹೇಳುವಂಥದ್ದೇನಿಲ್ಲ.

ಬೆಳಕು ಹಾಕಿ ಮೀನು ಹಿಡಿಯುವವರ ವಿಷಯ ಕೆಲವರು ಕೇಳುತ್ತಾರೆ. ಕೇಂದ್ರ 2017ರಲ್ಲೇ ನಿಷೇಧಿಸಿದೆ, ಆದರೂ ರಾತ್ರಿ ದಡದಿಂದ ನೋಡಿದರೆ ಸಮುದ್ರದಲ್ಲಿ ಊರೇ ಇದ್ದ ಹಾಗೆ ಕಾಣುತ್ತದೆ. ಅಲ್ಲಿ ಈ ಬಟ್ಟಾದ ದಾರಿ ನಡೆಯುವುದಿಲ್ಲ. ಅಲ್ಲಿ ಮಾಲೀಕ, ತಾಂಡೇಲ, ಕಲಾಸಿ ಎಲ್ಲರ ಲಾಭವೂ ಒಂದೇ ಕಡೆ ಇದೆ, ನಡುವೆ ಕೂರಲು ಜಾಗವೇ ಇಲ್ಲ. ಅದಕ್ಕೆ ಗಸ್ತು ಬೋಟೇ ಬೇಕು.

ಮಾಡುವವರಿಗೆ ಕೊನೆಯದಾಗಿ ಒಂದು ಲೆಕ್ಕ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಬೋಟ್ ದಡದಲ್ಲಿರುತ್ತದೆ, ಬಲೆ ಹೆಣೆಯುವುದು ಆಗಲೇ. ಚೀಲದ ಆರ್ಡರ್ ಜೂನ್ ಮಧ್ಯದೊಳಗೆ ಕೊಡಿ. ಮಾಲೀಕರ ಜೊತೆ ಬಟ್ಟಾ ಮಾತುಕತೆ ಕಲಾಸಿಗಳು ಊರಿಂದ ವಾಪಸ್ ಬರುವ ಮೊದಲು ಮುಗಿಸಿ, ಅವರು ಬಂದ ದಿನವೇ ಅವರಿಗೆ ಹೇಳಿ. ಜುಲೈ 15 ದಾಟಿತು ಅಂದರೆ ಆ ವರ್ಷ ಬಿಟ್ಟುಬಿಡಿ. ಆಗಸ್ಟಿನಲ್ಲಿ ಯಾರೂ ನಿಮ್ಮ ಮಾತು ಕೇಳಲು ನಿಲ್ಲುವುದಿಲ್ಲ.