‘ಸೆಟ್’ ಒಂದೇ ಪದ, ಒಂದು ತಿಂಗಳ ಪಾಠ

ಗೋಣಿಕೊಪ್ಪದಲ್ಲಿ ಸಂಜೆ ಸ್ಪೋಕನ್ ಇಂಗ್ಲಿಷ್ ಹೇಳಿಕೊಡುತ್ತೇನೆ. ಬರುವವರೆಲ್ಲ ಹೋಂಸ್ಟೇ ಹುಡುಗರು, ಕಾಫಿ ತೋಟದಲ್ಲಿ ಲೆಕ್ಕ ಬರೆಯುವ ರೈಟರ್‌ಗಳು. ಒಂದೇ ಪದಕ್ಕೆ ಒಂದು ತಿಂಗಳು ಅಂದಾಗ ಇನ್ನೊಬ್ಬ ಮೇಷ್ಟ್ರು ನಕ್ಕಿದ್ದರು. ಈಗ ಅವರೇ ನೋಟ್ಸ್ ಕೇಳುತ್ತಿದ್ದಾರೆ.

ಮೊದಲ ಸಲ ಮಣ್ಣು ಮುಕ್ಕಿದೆ, ಒಪ್ಪಿಕೊಳ್ಳುತ್ತೇನೆ. ಆಕ್ಸ್‌ಫರ್ಡ್ ದೊಡ್ಡ ನಿಘಂಟಿನ 1989ರ ಆವೃತ್ತಿಯಲ್ಲಿ ‘ಸೆಟ್’ ಕ್ರಿಯಾಪದಕ್ಕೇ 400ಕ್ಕೂ ಜಾಸ್ತಿ ಅರ್ಥ ಇವೆ. ಅದರಲ್ಲಿ ಒಂದು 60 ಆರಿಸಿ ಎಲ್ಲರಿಗೂ ಪುಸ್ತಕ ಮಾಡಿಸಿದೆ. ಜೆರಾಕ್ಸು, ಬೈಂಡಿಂಗು ಸೇರಿ ಸುಮಾರು 1,800 ರೂಪಾಯಿ. 14 ಜನರ ಬ್ಯಾಚು ಮೂರನೇ ವಾರಕ್ಕೆ ಐದಕ್ಕಿಳಿಯಿತು. ತಲೆಗೆ 500 ಫೀಸು, ನೀವೇ ಲೆಕ್ಕ ಹಾಕಿ.

ಅದರ ಮೇಲೆ ಗೀಸರ್ ಕತೆ ಬೇರೆ. ‘ವಿ ಸೆಟ್ ಆಫ್ ಅಟ್ ಸಿಕ್ಸ್’ ಅಂತ ಗೆಸ್ಟ್ ಹೇಳಿದ್ದಾರೆ, ಆರಕ್ಕೆ ಹೊರಡುತ್ತೇವೆ ಅಂತ. ನಮ್ಮ ಹುಡುಗನಿಗೆ ಕೇಳಿಸಿದ್ದು ‘ಆಫ್’ ಮಾತ್ರ. ನಸುಕಿಗೇ ಗೀಸರ್ ಆಫ್ ಮಾಡಿಟ್ಟ! ಆ ಚಳಿಯಲ್ಲಿ ತಣ್ಣೀರು.

ಆಮೇಲೆ ಪುಸ್ತಕ ಮೂಲೆಗೆಸೆದು, ನೀವು ದಿನಾ ಎಲ್ಲೆಲ್ಲಿ ‘ಸೆಟ್’ ಅಂತೀರಿ, ಹೇಳಿ ಅಂದೆ. ಸೆಟ್ ದೋಸೆ, ಪಂಪ್‌ಸೆಟ್, ವಾಲಿಬಾಲ್ ಸೆಟ್, ರಾಜಾಸೀಟಿನ ಸನ್‌ಸೆಟ್, ‘ಅವನಿಗೂ ನನಗೂ ಸೆಟ್ ಆಗಲ್ಲ’. ಕೊನೆಯದು ನಮ್ಮದೇ ತಯಾರಿ, ಇಂಗ್ಲಿಷಿನವರಿಗೆ ಅರ್ಥವಾಗದು. ಆಗ ಒಬ್ಬ ರೈಟರ್, ‘ಹೂ ಅರಳಿಸೋ ಹೂಮಳೆ ಸರಿಯಾಗಿ ಬಿದ್ದರೆ ಕಾಫಿ ಕಾಯಿ ಚೆನ್ನಾಗಿ ಸೆಟ್ ಆಗುತ್ತೆ ಸಾರ್’ ಅಂದರು. ನನಗೆ ಬೇಕಿದ್ದದ್ದು ಅದೇ. ಕಾಯಿ ಕಚ್ಚೋದು, ಸಿಮೆಂಟ್ ಬಿಗಿಯೋದು, ಮೊಸರು ಹೆಪ್ಪುಗಟ್ಟೋದು, ಎಲ್ಲ ಒಂದೇ ಸಾಲಲ್ಲಿ ಬಂದು ಕೂತವು. ‘ಮಾನ್ಸೂನ್ ಸೆಟ್ಸ್ ಇನ್’ ಅಂದರೆ ಮಳೆ ಹಿಡಿಯಿತು ಅಂತ. ಕೊಡಗಿನವರಿಗೆ ಇದನ್ನು ಬಿಡಿಸಿ ಹೇಳಬೇಕಾ?

ಮಧ್ಯೆ ‘ರನ್’ಗೂ ಕೈ ಹಾಕಿದೆ. ಆಕ್ಸ್‌ಫರ್ಡಿನವರ ಹೊಸ ಲೆಕ್ಕದಲ್ಲಿ ಅದು 645 ಅರ್ಥದೊಂದಿಗೆ ‘ಸೆಟ್’ಅನ್ನೂ ದಾಟಿದೆ. ಎರಡೇ ದಿನಕ್ಕೆ ಬಿಟ್ಟೆ, ರನ್ ಯಾವಾಗ, ರ್‍ಯಾನ್ ಯಾವಾಗ ಅನ್ನೋದರಲ್ಲೇ ಎಲ್ಲರೂ ಮುಗ್ಗರಿಸಿದರು. ‘ಸೆಟ್’ಗೆ ಆ ರಗಳೆ ಇಲ್ಲ, ನಿನ್ನೆಯೂ ಸೆಟ್, ಇವತ್ತೂ ಸೆಟ್. ಶನಿವಾರ ತಟ್ಟೆ ಲೋಟ ಇಟ್ಟು ಒಂದು ಆಟ ಆಡಿಸುತ್ತೇನೆ. ನಿಜವಾದ ಕೆಲಸ ಮಾಡೋದು ಅದೇ, ಆದರೆ ಅದನ್ನಿಲ್ಲಿ ಬರೆಯಲ್ಲ.

ಈಗ ಬ್ಯಾಚಲ್ಲಿ 22 ಜನ. ಮೊನ್ನೆ ‘ಸೆಟ್ ಬ್ಯಾಕ್’ಗೆ ದುಡ್ಡು ಕೈಬಿಟ್ಟ ಅರ್ಥವೂ ಇದೆ ಅಂತ ಹೇಳಿ, ನನ್ನ ಜೆರಾಕ್ಸ್ ಖರ್ಚನ್ನೇ ಉದಾಹರಣೆ ಕೊಟ್ಟೆ. ಹಿಂದಿನ ಬೆಂಚಿಂದ ಆ ಗೀಸರ್ ಹುಡುಗ ಎದ್ದು ನಿಂತ: ‘ದಟ್ ಗೀಸರ್ ಸೆಟ್ ಮಿ ಬ್ಯಾಕ್ ಟೂ ಹಂಡ್ರೆಡ್ ರುಪೀಸ್, ಸಾರ್.’ ಓನರ್ ಸಂಬಳದಲ್ಲಿ ಹಿಡಿದಿದ್ದರಂತೆ.